ಪಬ್ಬಾಸ್‌ನ ಗಡ್‌ಬಡ್: ತಳದಿಂದ ಬರೆದ ವಿಮರ್ಶೆ

ಬೆಂಗಳೂರಿನಿಂದ ಬರುವ ನಮ್ಮ ನೆಂಟರಿಗೆ ಮಂಗಳೂರಿನಲ್ಲಿ ಏನೇನು ನೋಡಬಹುದು ಎಂದು ಹೇಳುತ್ತಾ ಹೋದರೆ ಕದ್ರಿ, ಕುದ್ರೋಳಿ, ಪಣಂಬೂರು ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಆಮೇಲೆ ಕೇಳುವುದು ಒಂದೇ ಪ್ರಶ್ನೆ: "ಪಬ್ಬಾಸ್‌ಗೆ ಎಷ್ಟು ಹೊತ್ತಿಗೆ ಹೊರಡುವುದು?" ಲಾಲ್‌ಬಾಗಿನ ಆ ಐಸ್‌ಕ್ರೀಂ ಪಾರ್ಲರ್ ಮಣ್ಣಗುಡ್ಡೆಯ ನಮ್ಮ ಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರ. ಹಾಗಾಗಿ ಅಕ್ಕನ ಮನೆಯವರು, ಅತ್ತಿಗೆಯ ಕಡೆಯವರು, ಮಗಳ ಸ್ನೇಹಿತೆಯರು, ನನ್ನ ಕಾಲೇಜಿನ ಗೆಳತಿಯರು, ಯಾರು ಬಂದರೂ ಕರೆದುಕೊಂಡು ಹೋಗುವ ಕೆಲಸ ನನ್ನದು. ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ಸಿಕ್ಕಿದ ಈ ಹುದ್ದೆಗೆ ಸಂಬಳವಿಲ್ಲ, ಐಸ್‌ಕ್ರೀಂ ಉಂಟು.

ಹೊರಗಿನವರಿಗೆ ಒಂದು ಮಾತು ತಿಳಿದಿರಲಿ. ಪಬ್ಬಾಸ್ ಎನ್ನುವುದು ಐಡಿಯಲ್ ಐಸ್‌ಕ್ರೀಂನವರದೇ ಪಾರ್ಲರ್. ಎಸ್. ಪ್ರಭಾಕರ ಕಾಮತರು 1975ರಲ್ಲಿ ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಆರಂಭಿಸಿದರು. ಅವರನ್ನು ಆಪ್ತರು ಕರೆಯುತ್ತಿದ್ದ ಹೆಸರು ಈ ಪಾರ್ಲರಿಗೆ ಬಂದಿದೆ. 2021ರಲ್ಲಿ ಅವರು ತೀರಿಕೊಂಡಾಗ ನಮ್ಮ ಊರಿನ ಮನೆಮನೆಗಳಲ್ಲಿ ಜನ ತಮ್ಮ ತಮ್ಮ ಮೊದಲ ಐಸ್‌ಕ್ರೀಮಿನ ವಿಷಯ ಮಾತನಾಡಿದ್ದು ನನಗೆ ನೆನಪಿದೆ. ಕರಾವಳಿಗೂ ಐಸ್‌ಕ್ರೀಮಿಗೂ ಏನೋ ಒಂದು ನಂಟು ಇದೆ. ಮುಂಬೈಯ ಜುಹುವಿನಲ್ಲಿ 1984ರಲ್ಲಿ ನ್ಯಾಚುರಲ್ಸ್ ಕಟ್ಟಿದ ರಘುನಂದನ ಕಾಮತರು ಕೂಡ ಇಲ್ಲೇ ಪಕ್ಕದ ಮೂಲ್ಕಿಯ ಕಡೆಯವರು, ಹಣ್ಣಿನ ವ್ಯಾಪಾರಿಯ ಮಗ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸೆಕೆಗೆ ಒಗೆದ ಸೀರೆ ಉಟ್ಟುಕೊಂಡು ಗೇಟು ದಾಟುವಷ್ಟರಲ್ಲಿ ಬೆನ್ನು ಒದ್ದೆಯಾಗಿರುತ್ತದೆ. ಅಂಥ ಊರಿನವರು ಐಸ್‌ಕ್ರೀಂ ಬಿಟ್ಟು ಬೇರೆ ಏನು ಮಾಡಬೇಕು?

ಈಗ ಗಡ್‌ಬಡ್‌ನ ವಿಷಯ. ಗಾಜಿನ ಲೋಟದಲ್ಲಿ ಜೆಲ್ಲಿ, ಹಣ್ಣು, ಐಸ್‌ಕ್ರೀಂ, ಗೋಡಂಬಿ ಎಲ್ಲವನ್ನೂ ಪದರಪದರವಾಗಿ ತುಂಬಿ ಕೊಡುವ ತಿನಿಸು ಅದು. ಅದು ಹುಟ್ಟಿದ್ದು ತಮ್ಮಲ್ಲಿ, ಡಯಾನಾ ಹೋಟೆಲಿನಲ್ಲಿ ಎಂದು ಉಡುಪಿಯವರು ಹೇಳುತ್ತಾರೆ. ಮಂಗಳೂರಿನವರು ಒಪ್ಪುವುದಿಲ್ಲ. ನನ್ನ ತವರು ಉಡುಪಿ, ಗಂಡನ ಮನೆ ಮಂಗಳೂರು. ಈ ವ್ಯಾಜ್ಯದಲ್ಲಿ ನಾನು ಸಾಕ್ಷಿ ಹೇಳುವುದಿಲ್ಲ. ಎರಡೂ ಕಡೆ ತಿನ್ನುತ್ತೇನೆ.

ಗಡ್‌ಬಡ್ ಮೇಜಿಗೆ ಬಂದ ಕೂಡಲೇ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಉದ್ದನೆಯ ಗಾಜಿನ ಲೋಟ, ಬಾಯಿ ಅಗಲ, ಬುಡ ಸಪೂರ. ಮೇಲೆ ಗೋಡಂಬಿ ಚೂರು, ಅಂಚಿನಿಂದ ಇಳಿಯಲು ಹವಣಿಸುವ ಐಸ್‌ಕ್ರೀಂ, ಒಂದೆಡೆ ನೆಟ್ಟಗೆ ನಿಂತ ಉದ್ದ ಹಿಡಿಯ ಚಮಚ. ಚಂದ ಹೌದು. ಆದರೆ ಮೇಲ್ಭಾಗಕ್ಕೆ ಅಷ್ಟು ಮರ್ಯಾದೆ ಸಾಕು. ಒಳ್ಳೆಯ ಐಸ್‌ಕ್ರೀಂ, ಒಳ್ಳೆಯ ಗೋಡಂಬಿ ದುಡ್ಡು ಕೊಟ್ಟರೆ ಎಲ್ಲಿಯೂ ಸಿಗುತ್ತದೆ. ಗಡ್‌ಬಡ್‌ನ ಯೋಗ್ಯತೆ ಇರುವುದು ತಳದ ನಾಲ್ಕು ಬೆರಳಿನಲ್ಲಿ.

ಅಲ್ಲಿ ಜೆಲ್ಲಿ ಇರುತ್ತದೆ, ಸಣ್ಣಗೆ ಹೆಚ್ಚಿದ ಹಣ್ಣು ಇರುತ್ತದೆ. ಚಮಚವನ್ನು ಲೋಟದ ಗೋಡೆಗೆ ಒತ್ತಿ ಸೀದಾ ಕೆಳಗೆ ಇಳಿಸಿ, ಬುಡ ಮುಟ್ಟಿದ ಮೇಲೆ ಸ್ವಲ್ಪ ತಿರುಗಿಸಿ ಮೇಲೆತ್ತಬೇಕು. ಆಗ ಒಂದೇ ಚಮಚದಲ್ಲಿ ಎಲ್ಲವೂ ಬರುತ್ತದೆ: ಹಲ್ಲಿಗೆ ಸಿಕ್ಕಿಯೂ ಸಿಗದ ಹಾಗೆ ಜಾರುವ ಜೆಲ್ಲಿ, ಕಚ್ಚಿದರೆ ಸದ್ದು ಮಾಡುವ ಸೇಬು, ಎರಡರ ಮೇಲೂ ಅರ್ಧ ಕರಗಿ ಹರಿದ ವೆನಿಲ್ಲಾ. ಹಣ್ಣು ನಿನ್ನೆಯದಾದರೆ, ಬಾಳೆಹಣ್ಣು ಕಪ್ಪಾಗಿದ್ದರೆ, ಜೆಲ್ಲಿ ರಬ್ಬರಿನಂತಾಗಿದ್ದರೆ ಅದು ಗೊತ್ತಾಗುವುದು ಇಲ್ಲಿಯೇ. ಮೇಲಿನ ಅಲಂಕಾರ ಯಾವುದನ್ನೂ ಮುಚ್ಚಿಡಲಾರದು. ಲೆಕ್ಕಪುಸ್ತಕದ ಕೊನೆಯ ಪುಟದಿಂದ ತಪಾಸಣೆ ಆರಂಭಿಸುವುದು ನನ್ನ ಹಳೆಯ ಅಭ್ಯಾಸ. ಪಬ್ಬಾಸ್‌ನ ತಳ ಈ ತಪಾಸಣೆಯಲ್ಲಿ ಚೆನ್ನಾಗಿಯೇ ಪಾಸಾಗುತ್ತದೆ. ಹಣ್ಣಿನ ಚೂರುಗಳು ಸಣ್ಣವು, ಒಂದೇ ಅಳತೆಯವು. ಜೆಲ್ಲಿ ಬಾಯಲ್ಲಿ ಒಡೆಯುತ್ತದೆ, ಅಂಟುವುದಿಲ್ಲ. ಸಿಹಿ ನನ್ನ ನಾಲಗೆಗೆ ಒಂದು ಕೂದಲೆಳೆ ಹೆಚ್ಚು. ನನ್ನ ತಂಗಿಗೆ ಅದೇ ಸರಿ.

ತಳ ಎಷ್ಟು ಮುಖ್ಯ ಎಂದು ತಿಳಿಯಬೇಕಾದರೆ ಅದಿಲ್ಲದ ಗಡ್‌ಬಡ್ ಒಮ್ಮೆ ತಿನ್ನಬೇಕು. ಬೆಂಗಳೂರಿನ ಒಂದು ಮದುವೆಯಲ್ಲಿ "ಮಂಗಳೂರು ಗಡ್‌ಬಡ್" ಎಂದು ಫಲಕ ಹಾಕಿ ಅಗಲವಾದ ಕಾಗದದ ಬಟ್ಟಲಿನಲ್ಲಿ ಬಡಿಸುತ್ತಿದ್ದರು. ಎಲ್ಲವೂ ಒಂದರ ಪಕ್ಕ ಒಂದು, ಮದುವೆ ಫೋಟೋದಲ್ಲಿ ನಿಂತವರ ಹಾಗೆ. ಜೆಲ್ಲಿಗೆ ಐಸ್‌ಕ್ರೀಮಿನ ಪರಿಚಯವೇ ಆಗಿರಲಿಲ್ಲ. ಬಡಿಸುವ ಹುಡುಗನನ್ನು ಲೋಟ ಎಲ್ಲಪ್ಪಾ ಎಂದು ಕೇಳಿದೆ. "ಲೋಟದಲ್ಲಿ ಕೊಟ್ಟರೆ ಜನ ಬೇಗ ಜಾಗ ಬಿಡುವುದಿಲ್ಲ ಮೇಡಂ" ಎಂದ. ಪಾಪ, ಅವನು ಹೇಳಿದ್ದು ಸತ್ಯ. ಗಡ್‌ಬಡ್ ತಿನ್ನಲು ಹೊತ್ತು ಬೇಕು, ಆ ಹೊತ್ತನ್ನು ಕಳೆಯಲು ಜನ ಬೇಕು. ಒಬ್ಬಳೇ ಕುಳಿತು ಇಡೀ ಲೋಟ ಮುಗಿಸುವುದು ಸುಖವಲ್ಲ, ಪರೀಕ್ಷೆ.

ಹಾಗೆಂದು ತಲೆಗೊಂದು ಗಡ್‌ಬಡ್ ಬೇಕೇ? ನಮ್ಮ ಮನೆಯಲ್ಲಿ ಇದರ ಬಗ್ಗೆ ಎರಡು ಪಂಗಡ. ಭಾವ ಹಂಚಿಕೊಳ್ಳುವವರಲ್ಲ, ತಮ್ಮ ಲೋಟಕ್ಕೆ ಎಡಗೈ ಅಡ್ಡ ಇಟ್ಟುಕೊಂಡೇ ತಿನ್ನುತ್ತಾರೆ. ಅಕ್ಕ ಪ್ರತಿ ಸಲವೂ "ನನಗೇನೂ ಬೇಡ, ಇವರದ್ದರಲ್ಲಿ ಒಂದು ಚಮಚ ಸಾಕು" ಎನ್ನುತ್ತಾಳೆ. ಆ ಒಂದು ಚಮಚ ಎಲ್ಲಿ ಮುಗಿಯುತ್ತದೆ ಎಂದು ಭಾವನವರಿಗೆ ಗೊತ್ತು, ಎಡಗೈ ಅಡ್ಡ ಬರುವುದು ಅದಕ್ಕೇ. ನನ್ನ ಸಲಹೆ ಇಬ್ಬರಿಗೆ ಒಂದು, ಆದರೆ ಜೋಡಿಯನ್ನು ನೋಡಿ ಮಾಡಬೇಕು. ಹಣ್ಣು ಇಷ್ಟಪಡುವವರ ಜತೆ ಬೀಜ ಇಷ್ಟಪಡುವವರನ್ನು ಕೂರಿಸಿದರೆ ಜಗಳವಿಲ್ಲ. ಇಬ್ಬರು ಸಣ್ಣ ಮಕ್ಕಳಿಗೆ ಒಂದು ಲೋಟ ಕೊಟ್ಟರೆ ಅಂಗಿ ತೊಳೆಯಲು ಸಿದ್ಧರಾಗಿರಿ. ಅವರಿಗೆ ಒಂದೊಂದು ಸ್ಕೂಪ್ ಬಟ್ಟಲಿನಲ್ಲಿ ಕೊಡಿಸುವುದು ಕ್ಷೇಮ.

ನನ್ನ ಗಂಡನಿಗೆ ಗಡ್‌ಬಡ್ ಎಂದರೆ ಅಷ್ಟಕ್ಕಷ್ಟೆ. ಅವರು ಯಾವಾಗಲೂ ಪಾರ್ಫೆ ಹೇಳುತ್ತಾರೆ, ಬೇಗ ಮುಗಿಸುತ್ತಾರೆ, ಆಮೇಲೆ ನಮ್ಮ ಲೋಟಗಳನ್ನೂ ಗಡಿಯಾರವನ್ನೂ ನೋಡುತ್ತಾ ಕೂರುತ್ತಾರೆ. ಅತ್ತಿಗೆಗೆ ಸಕ್ಕರೆ ಕಾಯಿಲೆ. ಅವರಿಗೆ ನಿಂಬೆ ಸೋಡಾ ಹೇಳಿಸಿ ನಾವೆಲ್ಲ ಚಮಚ ನೆಕ್ಕುವುದು ಅನ್ಯಾಯ ಎಂದು ನನಗೆ ಅನ್ನಿಸುತ್ತಿತ್ತು. ಅವರೇ ಒಮ್ಮೆ, "ಮಾರಾಯ್ತಿ, ನೀನು ನನ್ನ ಮುಖ ನೋಡಿ ತಿನ್ನದೆ ಇದ್ದರೆ ನನ್ನ ಸಕ್ಕರೆ ಇಳಿಯುತ್ತದಾ?" ಎಂದು ಗದರಿಸಿದರು. ಅಂದಿನಿಂದ ಅವರ ಪಾಲಿಗೆ ತಳದ ಸೇಬಿನ ಚೂರು ಮಾತ್ರ ಹೋಗುತ್ತದೆ. ವೈದ್ಯರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯದಲ್ಲಿ ನಾನು ಹಟಮಾರಿ: ಖಾರ ತಿನ್ನದೆ ಐಸ್‌ಕ್ರೀಮಿಗೆ ಹೋಗಬಾರದು. ನೆಂಟರು ಬಂದ ದಿನ ಸಂಜೆ ನಾಲ್ಕಕ್ಕೆ ಗೋಳಿಬಜೆ ಆಗಬೇಕು. ಮನೆಯಲ್ಲಿ ಆದರೆ ಮೈದಾಕ್ಕೆ ಹುಳಿ ಮಜ್ಜಿಗೆ ಹಾಕಿ ಕಲಸಿಟ್ಟು, ಹಸಿಮೆಣಸು, ಶುಂಠಿ, ತೆಂಗಿನಕಾಯಿ ಚೂರು ಸೇರಿಸಿ ಕರಿಯುತ್ತೇನೆ. ಮನಸ್ಸಿಲ್ಲದಿದ್ದರೆ ಹಂಪನಕಟ್ಟೆಯ ತಾಜ್‌ಮಹಲ್ ಕೆಫೆಗೆ ಹೋಗಿ ಬನ್ಸ್, ಬಿಸ್ಕಿಟ್ ರೊಟ್ಟಿ ತಿನ್ನುವುದು. ಬಿಸ್ಕಿಟ್ ರೊಟ್ಟಿಯ ಹೆಸರು ಕೇಳಿ ಬೆಂಗಳೂರಿನ ಮಕ್ಕಳು ಚಹಾದಲ್ಲಿ ಅದ್ದಲು ಹೊರಡುತ್ತಾರೆ. ಒಳಗಿನ ಉದ್ದಿನಬೇಳೆಯ ಖಾರ ನಾಲಗೆಗೆ ತಾಗಿದ ಮೇಲೆ ಮುಖ ನೋಡಬೇಕು. ಆ ಖಾರ ಬಾಯಲ್ಲಿ ಇನ್ನೂ ಸ್ವಲ್ಪ ಉಳಿದಿರುವಾಗ ಮೊದಲ ಚಮಚ ಐಸ್‌ಕ್ರೀಂ ಬಿದ್ದರೆ ಅದರ ಸುಖವೇ ಬೇರೆ. ಊಟ ಮಾಡಿ ಹೊಟ್ಟೆ ಭಾರವಾದ ಮೇಲೆ ರಾತ್ರಿ ಗಡ್‌ಬಡ್‌ಗೆ ಹೋಗುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ಹೋಗುವ ಹೊತ್ತಿನ ಬಗ್ಗೆ. ಭಾನುವಾರ ಸಂಜೆ, ಶಾಲೆಯ ರಜೆ, ದಸರೆಯ ದಿನಗಳು, ಈ ಮೂರರಲ್ಲಿ ಹೋದರೆ ಜನಜಂಗುಳಿ ಖಂಡಿತ. ಹತ್ತು ಹನ್ನೊಂದು ಮಂದಿ ಒಂದೇ ಮೇಜಿನ ಸುತ್ತ ಕೂರಬೇಕೆಂದರೆ ವಾರದ ನಡುವಿನ ಮಧ್ಯಾಹ್ನ ಒಳ್ಳೆಯದು. ನನ್ನನ್ನು ಕೇಳಿದರೆ ಜುಲೈ ತಿಂಗಳ ಮಳೆಗೆ ಸಮನಾದದ್ದು ಇಲ್ಲ. ಹೊರಗೆ ಧೋ ಎಂದು ಸುರಿಯುತ್ತಿರುವಾಗ ಒಳಗೆ ಕುಳಿತು ಐಸ್‌ಕ್ರೀಂ ತಿನ್ನುವುದು ಘಟ್ಟದ ಮೇಲಿನವರಿಗೆ ಹುಚ್ಚು ಎನ್ನಿಸಬಹುದು. ನಮಗೆ ಕೊಡೆ ಮಡಚಿ ಕಾಲಬುಡದಲ್ಲಿಟ್ಟು ಆರಾಮವಾಗಿ ಕೂರುವ ಕಾಲ ಅದು. ಎದ್ದು ಹೋಗಲು ಮಳೆ ಬಿಡುವುದಿಲ್ಲ, ಆದ್ದರಿಂದ ಮಾತೂ ನಿಲ್ಲುವುದಿಲ್ಲ. ನನ್ನ ಕಾಲೇಜಿನ ಗೆಳತಿಯೊಬ್ಬಳು ಮೂವತ್ತು ವರ್ಷದ ಸೇವೆಯಲ್ಲಿ ಮೇಲಧಿಕಾರಿಗೆ ಹೇಳದೆ ಉಳಿಸಿಕೊಂಡಿದ್ದ ಮಾತುಗಳನ್ನೆಲ್ಲ ಅಂಥ ಒಂದು ಮಧ್ಯಾಹ್ನ ನಮಗೆ ಹೇಳಿ ಮುಗಿಸಿದಳು. ಅಷ್ಟು ಹೊತ್ತಿಗೆ ಅವಳ ಸ್ಟ್ರಾಬೆರಿ ಪೂರ್ತಿ ನೀರಾಗಿತ್ತು. ಲೋಟವನ್ನೇ ಎತ್ತಿ ಕುಡಿದಳು.

ಗದ್ದಲ ಆಗದವರು, ವಯಸ್ಸಾದವರು ಜತೆಗಿದ್ದವರು ಮಾರ್ಕೆಟ್ ರಸ್ತೆಯ ಹಳೆಯ ಐಡಿಯಲ್‌ಗೆ ಹೋಗಬಹುದು. ಪೇಟೆ ಕೆಲಸ ಮುಗಿಸಿ ಚೀಲ ಪಕ್ಕಕ್ಕಿಟ್ಟು ಎರಡು ಸ್ಕೂಪ್ ತಿಂದು ಬಸ್ಸು ಹಿಡಿಯುವವರಿಗೆ ಅದೇ ಅನುಕೂಲ. ನನ್ನ ಅತ್ತೆ ಬದುಕಿದ್ದಷ್ಟು ಕಾಲ ಲಾಲ್‌ಬಾಗಿನ ಕಡೆ ತಲೆ ಹಾಕಲಿಲ್ಲ. ಅವರ ಪಾಲಿಗೆ ಐಸ್‌ಕ್ರೀಂ ಎಂದರೆ ಮಾರ್ಕೆಟ್ ರಸ್ತೆ. ಕಟ್ಟಿಸಿಕೊಂಡು ಹೋಗುವ ಆಸೆಯಿದ್ದರೆ ಮನೆಗೆ ಫ್ಯಾಮಿಲಿ ಪ್ಯಾಕ್ ಒಯ್ಯಿರಿ. ಗಡ್‌ಬಡ್ ಒಯ್ಯುವ ಸಾಹಸ ಮಾತ್ರ ಬೇಡ. ದಾರಿಯಲ್ಲಿ ಪದರಗಳೆಲ್ಲ ಒಂದಾಗಿ, ಮನೆಗೆ ತಲುಪುವುದು ಹಣ್ಣು ತೇಲುವ ಗುಲಾಬಿ ಹಾಲು.

ಕೊನೆಗೆ ಬಿಲ್ಲು. ಇಬ್ಬರು ಭಾವಂದಿರು ಒಂದೇ ಮೇಜಿನಲ್ಲಿದ್ದರೆ ಬಿಲ್ಲು ಬರುವ ಮೊದಲೇ ಕೈ ಕೈ ಮಿಲಾಯಿಸುವಷ್ಟು ಸೌಜನ್ಯ ನಡೆಯುತ್ತದೆ. ಒಬ್ಬರು ಪರ್ಸ್ ತೆಗೆದರೆ ಇನ್ನೊಬ್ಬರು ಆ ಕೈ ಹಿಡಿಯುತ್ತಾರೆ, ಪಕ್ಕದ ಮೇಜಿನವರು ಗಾಬರಿಯಿಂದ ನೋಡುತ್ತಾರೆ. ಕಳೆದ ಮೇ ತಿಂಗಳಲ್ಲಿ ಈ ಯುದ್ಧ ತಾರಕಕ್ಕೇರಿದ್ದಾಗ ಅಕ್ಕನ ಮಗ ಕೌಂಟರಿಗೆ ಹೋಗಿ ಮೊಬೈಲ್ ತೋರಿಸಿ ದುಡ್ಡು ಕಟ್ಟಿ ಬಂದಿದ್ದ. ಮೊದಲ ಸಂಬಳವಂತೆ. ಭಾವಂದಿರಿಬ್ಬರೂ ಸೇರಿ ಈಗ ಅವನ ಮೇಲೆ ಸಿಟ್ಟು ಮಾಡಿಕೊಂಡಿದ್ದಾರೆ.