ಮೂರು ತಟ್ಟೆಯ ನೇತು ಬಲೆ: ಗ್ಲಾಡಿಯೋಲಸ್‌ಗೆ ಸರಿ, ಡೇರೆಗೆ ಬೇಡ

ಹೂವಿನ ಗಡ್ಡೆ ಒಣಗಿಸಿ ಇಡಲು ಆನ್‌ಲೈನಿನಲ್ಲಿ ₹540 ಕೊಟ್ಟು ತರಿಸಿದ ಬಲೆ ಇದು. ದುಂಡಗೆ, ಒಂದರ ಕೆಳಗೊಂದು ಮೂರು ತಟ್ಟೆ, ಪಕ್ಕಕ್ಕೆ ಜಿಪ್, ಮೇಲೊಂದು ಕೊಕ್ಕೆ. ಮಡಚಿದರೆ ರೊಟ್ಟಿ ತವೆಯಷ್ಟೇ ಆಗುತ್ತದೆ. ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ, ಇದು ಮೀನು ಒಣಗಿಸುವ ಬಲೆ. ಅದರ ಮೇಲೇ 'ಎಲ್ಲ ಬಗೆಯ ಹೂವಿನ ಗಡ್ಡೆಗಳಿಗೆ' ಅಂತ ಚೀಟಿ ಅಂಟಿಸಿ ಮಾರುತ್ತಿದ್ದಾರೆ. ಇರಲಿ, ಕೆಲಸ ಮಾಡಿದರೆ ಸಾಕು ಅಂತ ತಗೊಂಡೆ. ಒಂದು ಪೂರ್ತಿ ಹಂಗಾಮು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ ಮಹಡಿ ಮನೆ. ತಾರಸಿ ಮೇಲೆ ನಲವತ್ತು ಚಿಲ್ಲರೆ ಕುಂಡ ಇವೆ. ಚಳಿಗಾಲಕ್ಕೆ ಗ್ಲಾಡಿಯೋಲಸ್ ಮತ್ತು ಡೇರೆ (ಡೇಲಿಯಾ), ಬೇಸಿಗೆ ಮಳೆಗಾಲಕ್ಕೆ ಸುಗಂಧರಾಜ. ಪ್ರತಿ ದಸರಾಕ್ಕೂ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗುವುದು, ಆಸೆ ಹತ್ತಿ ಎಲ್ಲಾದರೂ ಗಡ್ಡೆ ಹುಡುಕಿ ತರುವುದು, ಹೂ ನೋಡಿ ಖುಷಿ ಪಡುವುದು, ಆಮೇಲೆ ಪ್ಲಾಸ್ಟಿಕ್ ಕವರಿಗೆ ಕಟ್ಟಿ ಸಜ್ಜೆ ಮೇಲಿಟ್ಟು ಮರೆಯುವುದು, ಮುಂದಿನ ದಸರಾಕ್ಕೆ ಬಿಚ್ಚಿದರೆ ಕೊಳೆತ ವಾಸನೆ. ಮತ್ತೆ ಹೊಸ ಗಡ್ಡೆಗೆ ದುಡ್ಡು. ಹೂ ಬೆಳೆಸುವುದೇನೂ ಕಷ್ಟವಲ್ಲ ಬಿಡಿ, ಮಾರ್ಚಿನಿಂದ ಸೆಪ್ಟೆಂಬರ್ ತನಕ ಗಡ್ಡೆ ಜೀವ ಹಿಡಿದಿರುವಂತೆ ನೋಡಿಕೊಳ್ಳುವುದಿದೆಯಲ್ಲ, ಅದೇ ಕಷ್ಟ.

ಮೊದಲು ಗ್ಲಾಡಿಯೋಲಸ್. ಹೂ ಮುಗಿದ ಮೇಲೂ ಆರೇಳು ವಾರ ಸುಮ್ನೆ ಬಿಡಬೇಕು, ಎಲೆ ಹಸಿರಿರುವಷ್ಟು ದಿನ ಕೆಳಗೆ ಗಡ್ಡೆ ತುಂಬಿಕೊಳ್ಳುತ್ತಿರುತ್ತದೆ. ಮಾರ್ಚ್ ಹೊತ್ತಿಗೆ ಎಲೆ ಹಳದಿಯಾಗಿ ಬಾಗಿತು. ಕಿತ್ತೆ, ಮಣ್ಣು ಉದುರಿಸಿದೆ, ಬಟ್ಟೆ ಒಣಗಿಸುವ ಯುಟಿಲಿಟಿಯ ನೆರಳಲ್ಲಿ ಈ ಬಲೆಯ ತಟ್ಟೆಗಳ ಮೇಲೆ ಹರಡಿದೆ. ಎರಡು ವಾರ ಕಳೆದು ಕೈಗೆತ್ತಿಕೊಂಡರೆ, ನಾನು ನೆಟ್ಟಿದ್ದ ಹಳೆಯ ಗಡ್ಡೆ ಒಣಗಿ ಬಿಲ್ಲೆಯ ಹಾಗೆ ಹೊಸದರ ಬುಡಕ್ಕೆ ಅಂಟಿಕೊಂಡಿತ್ತು. ಹೆಬ್ಬೆರಳಿಟ್ಟು ಒತ್ತಿದರೆ ಟಕ್ ಅಂತ ಕಳಚಿ ಬಂತು. ಹೀಗೆ ಕಳಚಿದರೆ ಚೆನ್ನಾಗಿ ಒಣಗಿದೆ ಅಂತ ಅರ್ಥ. ಜಗ್ಗಿದರೂ ಬರದಿದ್ದರೆ ಇನ್ನೊಂದು ವಾರ ಬಿಡಿ. ಮೇಲಿನ ಕಾಗದದಂಥ ಸಿಪ್ಪೆ ಮಾತ್ರ ಸುಲಿಯಬೇಡಿ, ಅದೇ ಅದರ ಅಂಗಿ. ಬುಡದ ಸುತ್ತ ಕಡಲೆಕಾಳಿನಷ್ಟು ಮರಿಗಡ್ಡೆ ಬೇಕಾದಷ್ಟಿದ್ದವು. ಅವು ಹೂ ಬಿಡುವಷ್ಟು ದಪ್ಪ ಆಗಲು ಎರಡು ಮೂರು ವರ್ಷ ಬೇಕು, ಆದರೂ ಎಸೆಯಲು ಮನಸ್ಸು ಬರಲಿಲ್ಲ, ಒಂದು ಹಳೆಯ ಕಾಲುಚೀಲಕ್ಕೆ ತುಂಬಿ ಅದೇ ಬಲೆಯ ಕೊಕ್ಕೆಗೆ ನೇತುಹಾಕಿದೆ.

ದೊಡ್ಡವನ್ನು ಲೀಟರಿಗೆ 2 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಕಲಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕೈಗವಸು ಹಾಕಿಕೊಂಡೇ ಎತ್ತಿ, ಮತ್ತೆ ನೆರಳಲ್ಲಿ ಆರಿಸಿ ಬಲೆಗೆ ಸೇರಿಸಿದೆ. ಒಟ್ಟು 32 ಇದ್ದವು. ಬಲೆಯಲ್ಲಿ 20, ಉಳಿದ 12 ಕಾಗದದ ಚೀಲದಲ್ಲಿ ಫ್ರಿಜ್ಜಿನ ತರಕಾರಿ ಡಬ್ಬಕ್ಕೆ. ಯಾಕೆಂದರೆ ಕಿತ್ತ ಗ್ಲಾಡಿಯೋಲಸ್ ಗಡ್ಡೆ ತಕ್ಷಣ ಮೊಳೆಯುವುದಿಲ್ಲ, ಅದಕ್ಕೊಂದು ನಿದ್ದೆ ಇದೆ. ಬೆಳೆಗಾರರು ಶೀತಲ ಗೃಹದಲ್ಲಿ 4-5 ಡಿಗ್ರಿಯಲ್ಲಿ ಮೂರು ತಿಂಗಳು ಇಟ್ಟು ಆ ನಿದ್ದೆ ಬಿಡಿಸುತ್ತಾರೆ. ಮನೆಯಲ್ಲಿ ಮಾಡುವುದಾದರೆ ಅದೇ ಡಬ್ಬದಲ್ಲಿ ಬಾಳೆಹಣ್ಣು, ಸೇಬು ಇಡಬೇಡಿ, ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಳಕೆಯನ್ನು ಕೆಡಿಸಬಹುದು.

ಜೂನ್ ಜುಲೈ ಜಿಟಿಜಿಟಿ ಮಳೆಯಲ್ಲೂ ಬಲೆಯೊಳಗಿನ 20ರಲ್ಲಿ ಮೆತ್ತಗಾಗಿದ್ದು ಒಂದೇ ಒಂದು. ಸುತ್ತ ಗಾಳಿ ಆಡುತ್ತದೆ, ಒಂದಕ್ಕೊಂದು ತಾಗದ ಹಾಗೆ ಹರಡಬಹುದು, ಹೊರಗಿನಿಂದಲೇ ಎಲ್ಲ ಕಾಣುತ್ತದೆ. ಇಷ್ಟಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಆದರೆ ಬಲೆಯವು ಮೊಳೆತಿದ್ದು ಹಿಂದೆ ಮುಂದೆ, ಕೆಲವು ಆಗಸ್ಟಿನಲ್ಲೇ ನೇತಾಡುತ್ತಲೇ ಮೊಳಕೆ ತೋರಿಸಿದವು. ಫ್ರಿಜ್ಜಿನ ಹನ್ನೆರಡು, ನೆಟ್ಟ ಮೇಲೆ ಹೆಚ್ಚುಕಡಿಮೆ ಒಟ್ಟಿಗೇ ಎದ್ದವು.

ಸುಗಂಧರಾಜಕ್ಕೆ ಈ ಬಲೆಯೇ ಬೇಕು ಅಂತೇನಿಲ್ಲ. ಪಾಂಡವಪುರದ ಹತ್ತಿರ ನಮ್ಮ ಚಿಕ್ಕಮ್ಮ ಅರ್ಧ ಎಕರೆಯಲ್ಲಿ ಪ್ರಜ್ವಲ್ ಹಾಕಿದ್ದಾರೆ, ಅದೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಮೊಗ್ಗಿನಲ್ಲಿ ನಸುಗೆಂಪು ಇರುತ್ತದಲ್ಲ, ಅದು. ಮೂರು ವರ್ಷ ನೆಲದಲ್ಲೇ ಬಿಟ್ಟು ಆಮೇಲೆ ಕಿತ್ತು ಬೇರೆ ಕಡೆ ನೆಡುತ್ತಾರೆ. ನಡುವಿನ ಒಂದೂವರೆ ತಿಂಗಳು ಗಡ್ಡೆಗಳೆಲ್ಲ ಜಗುಲಿ ಮೇಲೆ, ಗೋಣಿತಾಟಿನ ಮೇಲೆ. ನನ್ನ ಬಲೆಯ ಫೋಟೋ ತೋರಿಸಿದೆ. "ಇದ್ಕೆ ಐನೂರು ಕೊಟ್ಯಾ? ಗಡ್ಡೆಗೆ ಗಾಳಿ ಬೇಕು ಅಷ್ಟೆ ಕಣವ್ವ, ಎರಡ್ ಮೂರ್ ದಿನಕ್ಕೊಂದ್ಸಲ ಹೊರಳಾಡ್ಸು, ಸಾಕು" ಅಂದರು. ಜಗುಲಿ ಇದ್ದವರಿಗೆ ಆ ಮಾತು ಸರಿ. ನಮಗೆ ಜಗುಲಿ ಎಲ್ಲಿದೆ?

ಇನ್ನು ಡೇರೆ. ಇಲ್ಲೇ ಈ ಚೀಟಿಯ ಮೇಲಿನ ಮಾತು ಪೂರ್ತಿ ಸುಳ್ಳಾಗಿದ್ದು. ಎಂಟು ಗೊಂಚಲು ಗಡ್ಡೆಯನ್ನು ನಡುವಿನ ತಟ್ಟೆಯಲ್ಲಿಟ್ಟೆ. ಏಪ್ರಿಲ್ ಕೊನೆಗೆ ನೋಡಿದರೆ ಐದು ಬಾಳಕದ ಮೆಣಸಿನಕಾಯಿಯ ಹಾಗೆ ಮುರುಟಿಕೊಂಡಿವೆ, ಮುರಿದರೆ ಒಳಗೂ ನಾರು. ಡೇರೆ ಗಡ್ಡೆಗೆ ಗ್ಲಾಡಿಯೋಲಸ್‌ನ ಹಾಗೆ ಅಂಗಿ ಇಲ್ಲ, ತೆಳು ಸಿಪ್ಪೆ, ಒಳಗೆಲ್ಲ ನೀರು. ಮೈಸೂರಿನ ಬೇಸಿಗೆ ಗಾಳಿಗೆ ಅದು ಬಲೆಯಲ್ಲಿ ನಿಲ್ಲುವುದೇ ಇಲ್ಲ. ಉಳಿದ ಮೂರನ್ನು ಒಡೆದ ಬಕೆಟ್ಟಿನಲ್ಲಿ ಮರಳು ಹಾಕಿ ಹೂತಿಟ್ಟು, ಹದಿನೈದು ದಿನಕ್ಕೊಮ್ಮೆ ಕೈ ಒದ್ದೆ ಮಾಡಿ ಚಿಮುಕಿಸಿದೆ. ಬದುಕಿದವು. ಇನ್ನೊಂದು ಮಾತು, ಗೊಂಚಲು ಬಿಡಿಸುವಾಗ ಹಳೆಯ ಕಾಂಡದ ತುಣುಕು ಪ್ರತಿ ಗಡ್ಡೆಗೂ ಅಂಟಿರಲಿ. ಮೊಳಕೆಯ ಕಣ್ಣು ಇರುವುದು ಆ ಕತ್ತಿನಲ್ಲೇ. ಬರೀ ಗಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯುವುದಿಲ್ಲ.

ಸಾಮಾನಿನ ಗುಣಮಟ್ಟ ಸಾಧಾರಣ. ಕೆಳಗಿನ ಜಿಪ್ ಎರಡನೇ ತಿಂಗಳಿಗೇ ಹಲ್ಲು ಬಿಟ್ಟಿತು, ಆ ಸಂದಿಯಲ್ಲೇ ಇಲಿ ನುಗ್ಗಿ ಎರಡು ಗಡ್ಡೆ ಅರ್ಧ ತಿಂದು ಹೋಯಿತು. ಬದಲಿ ಕೇಳಿದ್ದಕ್ಕೆ ಹತ್ತು ದಿನ ಮೀರಿದೆ ಅಂದರು. ದೇವರಾಜ ಮಾರ್ಕೆಟ್ಟಿನಿಂದ ತಂದ ಸೂಜಿ ದಾರದಲ್ಲಿ ಹೊಲಿದು, ಗೋಡೆಯಿಂದ ದೂರಕ್ಕೆ ಜರುಗಿಸಿ ಕಂಬಿಯಲ್ಲಿ ನೇತುಹಾಕಿದ ಮೇಲೆ ಇಲಿಯ ಕಾಟ ನಿಂತಿತು.

ಐದಕ್ಕೆ ಮೂರು ಕೊಡುತ್ತೇನೆ. ಗಡ್ಡೆ ಹತ್ತೇ ಇದ್ದರೆ ಈರುಳ್ಳಿಯ ಕೆಂಪು ಬಲೆ ಚೀಲವೇ ಸಾಕು, ದುಡ್ಡು ಉಳಿಸಿ. ಮೂವತ್ತು ನಲವತ್ತು ಇದ್ದು ಜಾಗ ಕಡಿಮೆ ಅಂದರೆ ತಗೊಳ್ಳಿ.

ಏಪ್ರಿಲಿನಲ್ಲಿ ನಾನಿಲ್ಲದಾಗ ಅತ್ತೆ ಖಾಲಿ ಇದ್ದ ಮೇಲಿನ ತಟ್ಟೆಗೆ ಸಂಡಿಗೆ ಹರಡಿಬಿಟ್ಟಿದ್ದರು. ಕೆಳಗೆ ಔಷಧಿಯಲ್ಲಿ ಅದ್ದಿದ ಗಡ್ಡೆ! "ನೊಣ ಕೂರಲ್ಲ, ಎಷ್ಟು ಚೆನ್ನಾಗಿದೆಯಲ್ಲೇ" ಅಂತ ಬೇರೆ. ಅಷ್ಟೂ ಸಂಡಿಗೆ ಕಸಕ್ಕೆ ಹೋಯಿತು, ಎರಡು ದಿನ ಮಾತಿಲ್ಲ. ಈಗ ಎರಡನೇ ಬಲೆ ತರಿಸಿದ್ದೇನೆ. ಅದರ ಚೀಟಿಯಲ್ಲಿ ಮೀನಿನ ಚಿತ್ರವೇ ಇದೆ, ₹430.