ಕ್ರೆಟಾ: ಪೆಟ್ರೋಲಾ, ಡೀಸೆಲ್ಲಾ?

ಹ್ಯುಂಡೈ ಕ್ರೆಟಾದ 1.5 ಲೀಟರ್ ಸಾದಾ ಪೆಟ್ರೋಲ್, ಡೀಸೆಲ್ ಎರಡರ ಪವರ್ ಹೆಚ್ಚುಕಡಿಮೆ ಒಂದೇ: 115, 116 ಪಿಎಸ್. ಆಟ ಇರುವುದು ಟಾರ್ಕ್‌ನಲ್ಲಿ, ಅಂದರೆ ಎಂಜಿನ್ನಿನ ತಿರುಗಿಸುವ ಬಲದಲ್ಲಿ. ಪೆಟ್ರೋಲ್ ತನ್ನ 144 ಎನ್‌ಎಂ ಕೊಡುವುದು ಎಂಜಿನ್ ನಿಮಿಷಕ್ಕೆ 4500 ಸುತ್ತು (ಆರ್‌ಪಿಎಂ) ತಿರುಗಿದಾಗ. ಡೀಸೆಲ್ 1500ಕ್ಕೇ 250 ಕೊಡುತ್ತದೆ. ಐದು ಜನ, ಲಗೇಜು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಪೆಟ್ರೋಲ್ ಕಾರಿನ ಗೇರ್ ಇಳಿಸಿ ಎಂಜಿನ್ ಕೂಗಿಸಬೇಕು. ಡೀಸೆಲ್ ಸುಮ್ಮನೆ ಎಳೆದುಕೊಂಡು ಹೋಗುತ್ತದೆ.

ಹಾಗಂತ ಡೀಸೆಲ್ಲಿಗೆ ಕೈ ಹಾಕುವ ಮುನ್ನ ಹೊಗೆಯ ಲೆಕ್ಕ ನೋಡಿ. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್6 ಎಂಬ ಹೊಗೆ ನಿಯಮ, ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿಯನ್ನು ಕಿ.ಮೀ.ಗೆ 250ರಿಂದ 80 ಮಿಲಿಗ್ರಾಂಗೆ ಇಳಿಸಿತು, ಪೆಟ್ರೋಲಿಗೆ 60. ಮಸಿ ಹಿಡಿಯಲು ಡಿಪಿಎಫ್ ಎಂಬ ಫಿಲ್ಟರ್ ಬಂತು. ಅದರಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಎಕ್ಸಾಸ್ಟ್ ಚೆನ್ನಾಗಿ ಬಿಸಿಯಾಗಬೇಕು, ಅಂದರೆ ಹೈವೇಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರಿಗೆ ಆ ಭಾಗ್ಯವೆಲ್ಲಿ? ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತುತ್ತದೆ. ಆಗಲೂ ಅಸಡ್ಡೆ ಮಾಡಿದರೆ ಖರ್ಚು ದೊಡ್ಡದೇ.

ಊರೊಳಗಿನ ಓಡಾಟವೇ ಹೆಚ್ಚಿದ್ದರೆ ಕಣ್ಣುಮುಚ್ಚಿ ಪೆಟ್ರೋಲ್ ತಗೊಳ್ಳಿ. ವಾರವಾರ ಹುಬ್ಬಳ್ಳಿ, ಮಂಗಳೂರು ಅಂತ ಸುತ್ತುವವರಿಗೆ ಡೀಸೆಲ್ಲೇ ಸರಿ. 160 ಪಿಎಸ್‌ನ ಟರ್ಬೊ ಪೆಟ್ರೋಲ್ ಕೂಡ ಇದೆ. ಅದು ಓಡಿಸುವ ಖುಷಿಗೆ, ಮೈಲೇಜಿಗಲ್ಲ.