ಕೊಳವೆಯೋ ಜೆಲ್ಲೋ: ಪುಟ್ಟ ಪೆಪ್ಟೈಡ್ ಕಟ್ಟಿಸುವ ಮೂರು ವಿಧಾನಗಳು

ಫಿನೈಲಲನೀನ್ ಎಂಬ ಅಮೈನೊ ಆಮ್ಲದ ಎರಡು ಅಣುಗಳನ್ನು ಜೋಡಿಸಿದರೆ ಡೈಫಿನೈಲಲನೀನ್ ಎಂಬ ಪುಟ್ಟ ಪೆಪ್ಟೈಡ್ (ಅಮೈನೊ ಆಮ್ಲಗಳ ಸರಪಳಿ) ಸಿಗುತ್ತದೆ. ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಮುದ್ದೆಗಟ್ಟುವ ಪ್ರೋಟೀನ್ ಆದ ಬೀಟಾ ಅಮೈಲಾಯ್ಡ್‌ನ ನಡುಭಾಗದಲ್ಲಿ ಇದೇ ಜೋಡಿ ಇದೆ. ಈ ತುಣುಕೊಂದೇ ನೀರಿನಲ್ಲಿ ತಾನಾಗಿ ಟೊಳ್ಳು ಕೊಳವೆಗಳನ್ನು ಕಟ್ಟುತ್ತದೆ ಎಂದು 2003ರಲ್ಲಿ ವಿಜ್ಞಾನಿಗಳಾದ ರೆಚೆಸ್ ಮತ್ತು ಗಾಜಿತ್ ತೋರಿಸಿದರು. ನಾನು ಪ್ರಯೋಗಾಲಯದಲ್ಲಿ ಇದನ್ನೂ, ತುದಿಗೆ ಎಫ್‌ಮಾಕ್ ಎಂಬ ಉಂಗುರಗಳುಳ್ಳ ರಾಸಾಯನಿಕ ಗುಂಪು ಸೇರಿಸಿದ ಇದರ ರೂಪವನ್ನೂ ಬೇರೆ ಬೇರೆ ವಿಧಾನಗಳಲ್ಲಿ ಕಟ್ಟಿಸಿ ನೋಡಿದ್ದೇನೆ. ಅಣುವಿನಷ್ಟೇ ಅದನ್ನು ಜೋಡಣೆಗೆ ಒಡ್ಡುವ ರೀತಿಯೂ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ.

ಬೇಗ ಕಣ್ಣಿಗೆ ಬೀಳುವ ಫಲ ಬೇಕಾದರೆ ಕೊಳವೆಯೇ ಸರಿ. ಡೈಫಿನೈಲಲನೀನ್ ಪುಡಿಯನ್ನು ಹೆಕ್ಸಾಫ್ಲೋರೋಐಸೋಪ್ರೊಪನಾಲ್ ದ್ರಾವಕದಲ್ಲಿ ಮಿಲಿಲೀಟರಿಗೆ 100 ಮಿಲಿಗ್ರಾಂನಂತೆ ಕರಗಿಸಿ, ನೀರು ಬೆರೆಸಿ 2 ಮಿಲಿಗ್ರಾಂಗೆ ಇಳಿಸಬೇಕು. ನೀರು ಸೇರಿದೊಡನೆ ದ್ರಾವಣ ಬೆಳ್ಳಗಾಗುತ್ತದೆ. ಒಂದು ಹನಿಯನ್ನು ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗಿಟ್ಟರೂ ನೆಟ್ಟಗಿನ, ಬಾಗದ ಕಡ್ಡಿಗಳು ಒಂದರ ಮೇಲೊಂದು ಬಿದ್ದಿರುವುದು ಕಾಣುತ್ತದೆ. ಆ ನೋಟ ನನಗೆ ಇಂದಿಗೂ ಹಳತಾಗಿಲ್ಲ. ಆದರೆ ಈ ದ್ರಾವಕ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಬಲುಬೇಗ ಆವಿಯಾಗಿ ಸಾಂದ್ರತೆಯ ಲೆಕ್ಕವನ್ನು ಕೆಡಿಸುತ್ತದೆ. ಮೂಲ ದ್ರಾವಣವನ್ನು ಪ್ರತಿ ಸಲವೂ ಹೊಸದಾಗಿಯೇ ಮಾಡಬೇಕು. ಕೊಳವೆಗಳ ಉದ್ದ ನಮ್ಮ ಹಿಡಿತದಲ್ಲಿರುವುದಿಲ್ಲ. ತೊಳೆಯಲೆಂದು ಹೆಚ್ಚು ನೀರು ಹಾಕಿದರೆ ಅವು ಕರಗಿಯೇ ಹೋಗುತ್ತವೆ.

ಎಫ್‌ಮಾಕ್ ರೂಪವನ್ನು ಡೈಮೀಥೈಲ್ ಸಲ್ಫಾಕ್ಸೈಡ್‌ನಲ್ಲಿ ಕರಗಿಸಿ ನೀರು ಸೇರಿಸುವುದು ಇನ್ನೂ ಸುಲಭ. ಮೊದಲು ಬಿಳಿಚಿಕೊಂಡ ದ್ರವ ನಿಮಿಷಗಳಲ್ಲಿ ತಿಳಿಯಾಗುತ್ತಾ ಜೆಲ್ ಆಗುತ್ತದೆ. ಬೆರೆಸುವ ವೇಗ ತುಸು ಬದಲಾದರೂ ಒಂದು ಸೀಸೆಯ ಜೆಲ್ ಇನ್ನೊಂದರಂತೆ ಇರುವುದಿಲ್ಲ, ದ್ರಾವಕವೂ ಅದರೊಳಗೇ ಉಳಿಯುತ್ತದೆ. ಆತುರದ ಪರೀಕ್ಷೆಗೆ ಸಾಕು, ಅಷ್ಟೇ.

ನನ್ನ ಒಲವು ಮೂರನೆಯದರ ಕಡೆಗೆ. ಇಲ್ಲಿ ಎಫ್‌ಮಾಕ್ ರೂಪವನ್ನು ಸೋಡಿಯಂ ಹೈಡ್ರಾಕ್ಸೈಡ್ ಬಳಸಿ ಪಿಎಚ್ 10ರ ಆಸುಪಾಸಿನಲ್ಲಿ ಕರಗಿಸುತ್ತೇನೆ. ಆಗ ಅಣುವಿನ ತುದಿಯ ಕಾರ್ಬಾಕ್ಸಿಲ್ ಗುಂಪಿಗೆ ಋಣ ವಿದ್ಯುದಂಶ ಇರುವುದರಿಂದ ಅಣುಗಳು ಒಂದನ್ನೊಂದು ದೂಡುತ್ತವೆ. ಆ ವಿದ್ಯುದಂಶವನ್ನು ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಹನಿ ಬಿದ್ದಲ್ಲೇ ಬಿಳಿ ಚಕ್ಕೆಗಳೇಳುತ್ತವೆ, ಉಳಿದದ್ದು ದ್ರವವಾಗಿಯೇ ಇರುತ್ತದೆ. ಅದರ ಬದಲು ಗ್ಲುಕೋನೊಡೆಲ್ಟಾಲ್ಯಾಕ್ಟೋನ್ ಪುಡಿ ಹಾಕಿದರೆ ಅದು ಮೊದಲು ಎಲ್ಲೆಡೆ ಕರಗಿ ಹರಡಿ, ಆಮೇಲೆ ನೀರಿನೊಡನೆ ವರ್ತಿಸಿ ನಿಧಾನವಾಗಿ ಗ್ಲುಕೋನಿಕ್ ಆಮ್ಲವಾಗುತ್ತದೆ. ಪಿಎಚ್ ಇಡೀ ಸೀಸೆಯಲ್ಲಿ ಒಂದೇ ಸಮನಾಗಿ ಇಳಿಯುತ್ತದೆ. ಆಗ ಅಣುಗಳಲ್ಲಿರುವ ಇಂಗಾಲದ ಉಂಗುರಗಳು ಒಂದರ ಮೇಲೊಂದು ಪೇರಿಕೊಂಡು, ಹೈಡ್ರೋಜನ್ ಬಂಧಗಳು ಎಳೆಗಳನ್ನು ಉದ್ದಕ್ಕೆ ಹಿಡಿದು, ಆ ಎಳೆಗಳ ಜಾಲದೊಳಗೆ ನೀರು ಸಿಕ್ಕಿಕೊಳ್ಳುತ್ತದೆ.

ಪಿಎಚ್ ಮಾಪಕವನ್ನು ಅದರಲ್ಲೇ ಬಿಟ್ಟು ನೋಡಿದರೆ ಸ್ವಾರಸ್ಯ ತಿಳಿಯುತ್ತದೆ. ಬಿಡಿ ಅಣುವಿನ ಕಾರ್ಬಾಕ್ಸಿಲ್ ಗುಂಪು ವಿದ್ಯುದಂಶ ಕಳೆದುಕೊಳ್ಳಬೇಕಾದದ್ದು ಪಿಎಚ್ 3.5ರ ಸುತ್ತ. ಆದರೆ ಗುಂಪುಗೂಡಿದ ಅಣುಗಳು ಅದಕ್ಕಿಂತ ಬಹಳ ಮೇಲೆಯೇ ಪ್ರೋಟಾನ್ (ಹೈಡ್ರೋಜನ್ ಅಯಾನು) ಹಿಡಿದು ವಿದ್ಯುದಂಶ ಕಳೆದುಕೊಳ್ಳತೊಡಗುತ್ತವೆ, ಹಾಗಾಗಿ ಪಿಎಚ್ ಇಳಿಯುವ ಗೆರೆ ನಡುವೆ ಚಪ್ಪಟೆಯಾಗುತ್ತದೆ. ಜೋಡಣೆ ನಡೆಯುತ್ತಿರುವುದು ಅಂಕಿಗಳಲ್ಲೇ ಕಾಣುತ್ತದೆ! ಉಳಿದೆರಡು ವಿಧಾನಗಳಲ್ಲಿ ಈ ಅವಕಾಶವಿಲ್ಲ.

ರಾತ್ರಿಯಿಡೀ ಕಾಯಬೇಕು, ಜೆಲ್ ಆಮ್ಲೀಯವಾಗಿ ಉಳಿಯುವುದರಿಂದ ಜೀವಕೋಶ ಬೆಳೆಸುವವರು ಪಿಎಚ್ ಸರಿಪಡಿಸಿಕೊಳ್ಳಬೇಕು. ಆದರೂ ಬೆಳಗ್ಗೆ ಸೀಸೆಗಳನ್ನು ತಲೆಕೆಳಗು ಮಾಡಿದಾಗ ಎಲ್ಲದರ ಜೆಲ್ಲೂ ಜಾರದೆ ಒಂದೇ ರೀತಿ ನಿಲ್ಲುತ್ತದೆ. ಗಟ್ಟಿತನ ಅಳೆದು ಹೋಲಿಸಬೇಕಾದವರು ಇದನ್ನೇ ಹಿಡಿಯಲಿ, ಲ್ಯಾಕ್ಟೋನ್ ತೂಕವನ್ನು ಮಾತ್ರ ಜಾಗ್ರತೆಯಿಂದ ಅಳೆಯಲಿ: ಪಿಎಚ್ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂಬುದು ಅದರ ಮೇಲೆಯೇ ನಿಂತಿದೆ.